ಚಿಕ್ಕಮಗಳೂರಿನ ಹಳೆ ಮಿಲಿಟರಿ ಸಾಮಾನಿನ ಅಂಗಡಿ: ಬ್ಯಾಡ್ಜಿಗೆ ಹೋಗಿ, ಕತ್ತಿಗೆ ಬೇಡ

ಮಾರ್ಕೆಟ್ ರಸ್ತೆ ಹಿಂದಿನ ಗಲ್ಲಿಯಲ್ಲಿರುವ ಈ ಅಂಗಡಿಗೆ ಬೋರ್ಡಿಲ್ಲ. ಹೊರಗೆ ಹಿತ್ತಾಳೆ ಹಂಡೆ, ಕೆಟ್ಟ ಗ್ರಾಮಫೋನು, ಪಿಂಗಾಣಿ ಭರಣಿ. ಮಲೆನಾಡಿನ ಯಾವ ಪೇಟೆಯಲ್ಲೂ ಕಾಣುವ ಗುಜರಿ ಸರಕು. ಮಿಲಿಟರಿ ಸಾಮಾನು ಇರುವುದು ಒಳಕೋಣೆಯಲ್ಲಿ, ಕೇಳಿದವರಿಗೆ ಮಾತ್ರ ಬಾಗಿಲು ತೆಗೆಯುತ್ತಾರೆ. ಮುಳ್ಳಯ್ಯನಗಿರಿ ನೋಡಲು ಬಂದವರು ನೇರ ಗೋಡೆಯ ಕತ್ತಿಗಳ ಹತ್ತಿರ ಹೋಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಒಂದನ್ನು ಕೊಂಡೂ ಹೋಗುತ್ತಾರೆ. ಅಂಗಡಿಯ ಲಾಭ ಅಲ್ಲಿದೆ. ಸಂಗ್ರಹ ಮಾಡುವವರ ಲಾಭ ಇರುವುದು ಎದುರು ಮೂಲೆಯ ಗಾಜಿನ ತಟ್ಟೆಗಳಲ್ಲಿ.

ಇದಕ್ಕೆ ಕಾರಣ ಸರಕು ಬರುವ ದಾರಿ. ಸಣ್ಣ ಸಾಮಾನು ಮೂಡಿಗೆರೆ, ಆಲ್ದೂರು, ಕೊಪ್ಪ, ಸಕಲೇಶಪುರ ಕಡೆಯ ತೋಟದ ಬಂಗಲೆಗಳ ಅಟ್ಟದಿಂದ, ಹಾಸನ ಜಿಲ್ಲೆಯ ನಿವೃತ್ತ ಸೈನಿಕರ ಮನೆಗಳಿಂದ ಬರುತ್ತದೆ. ಮನೆ ಕೆಡವುವಾಗ, ಆಸ್ತಿ ಪಾಲಾಗುವಾಗ ಟ್ರಂಕು ಸಮೇತ ತೂಕಕ್ಕೆ ಹಾಕಿದ ಮಾಲು ಅದು. ನೂರು ರೂಪಾಯಿಯ ಕೋಟಿನ ಗುಂಡಿಯನ್ನು ನಕಲಿ ಮಾಡಲು ಯಾರೂ ಕೂರುವುದಿಲ್ಲ. ಕತ್ತಿ, ಕೋವಿಗಳು ಬರುವುದು ಉತ್ತರ ಭಾರತದ ಅಲಂಕಾರ ಸಾಮಾನು ತಯಾರಕರಿಂದ, ಪಾರ್ಸೆಲ್‌ನಲ್ಲಿ. ಎರಡಕ್ಕೂ ಮಾಲೀಕರು ಹೇಳುವ ಕಥೆ ಮಾತ್ರ ಒಂದೇ: "ಬ್ರಿಟಿಷರ ಕಾಲದ್ದು ಸಾರ್, ದೊರೆ ಬಂಗಲೆಯಿಂದ ಬಂದಿದ್ದು." ಆ ಮಾತಿಗೆ ಕಾಸು ಕೊಡದೆ ಕೈಲಿರುವ ಲೋಹವನ್ನಷ್ಟೇ ನೋಡುವವರಿಗೆ ಈ ಅಂಗಡಿ ಲೇಸು.

ಹೋಗುವಾಗ ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿ, ಮಿಲಿಮೀಟರ್‌ನ ಹತ್ತನೇ ಭಾಗ ತೋರಿಸುವ ಕ್ಯಾಲಿಪರ್, ಸಣ್ಣ ಅಯಸ್ಕಾಂತ, ನೋಟು ಪರೀಕ್ಷಿಸುವ ನೇರಳೆ ಟಾರ್ಚು, ಗ್ರಾಂ ತೂಗುವ ತಕ್ಕಡಿ ಜೇಬಿನಲ್ಲಿರಲಿ. ಮಾಲೀಕರು ಪರೀಕ್ಷೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಇದು ಈ ಅಂಗಡಿಯ ದೊಡ್ಡ ಗುಣ.

ತಟ್ಟೆಗಳಲ್ಲಿ ವಿಂಗಡಣೆ ಎಂಬುದಿಲ್ಲ. ಟೋಪಿ ಬ್ಯಾಡ್ಜು, ಭುಜದ ಅಕ್ಷರಪಟ್ಟಿ, ಸ್ಕೌಟ್ಸ್ ಬಿಲ್ಲೆ, ರೈಲ್ವೆ ಗುಂಡಿ ಎಲ್ಲ ಒಂದೇ ರಾಶಿ. ಮೊದಲು ಕಿರೀಟ ನೋಡಿ. ಕಮಾನುಗಳು ನಡುವೆ ತಗ್ಗದೆ ದುಂಡಗೆ ಏರಿದ್ದರೆ 1901ರಿಂದ 1952ರವರೆಗಿನ ರಾಜರ ಕಾಲದ್ದು. ನಡುವೆ ತಗ್ಗಿದ್ದರೆ ಸಾಮಾನ್ಯವಾಗಿ ಎಲಿಜಬೆತ್ ರಾಣಿಯ ಕಾಲದ್ದು, ಅಂದರೆ 1953ರ ಈಚಿನದು. ಭಾರತದ ಸೇನೆ 1950ರ ಜನವರಿ 26ರಿಂದ ಕಿರೀಟ ಬಿಟ್ಟು ಅಶೋಕನ ಸಿಂಹಗಳನ್ನು ಹಿಡಿಯಿತು. ಹಾಗಾಗಿ ಭಾರತೀಯ ರೆಜಿಮೆಂಟಿನ ಹೆಸರೂ ಎಲಿಜಬೆತ್ ಕಿರೀಟವೂ ಒಂದೇ ಬ್ಯಾಡ್ಜಿನಲ್ಲಿ ಕಂಡರೆ, ಅದನ್ನು ಯಾವ ಸೈನಿಕನೂ ಧರಿಸಿಲ್ಲ. ಅಂಥವು ತಟ್ಟೆಯಲ್ಲಿವೆ, ಹೊಳಪೂ ಅವಕ್ಕೇ ಹೆಚ್ಚು. ಮೊನೋಗ್ರಾಮ್ ಅಕ್ಷರಗಳೂ ಕಾಲ ಹೇಳುತ್ತವೆ: ವಿ.ಆರ್.ಐ. (ವಿಕ್ಟೋರಿಯಾ) ಇದ್ದರೆ 1877ರಿಂದ 1901, ಇ.ಆರ್.ಐ. (ಎಡ್ವರ್ಡ್) ಇದ್ದರೆ 1901ರಿಂದ 1910, ಜಿ.ಆರ್.ಐ. (ಜಾರ್ಜ್) ಇದ್ದರೆ 1910ರ ನಂತರ, ಸ್ವಾತಂತ್ರ್ಯದವರೆಗೆ.

ಆಮೇಲೆ ಬ್ಯಾಡ್ಜನ್ನು ತಿರುವಿ ಹಾಕಿ. ಅಚ್ಚಿನಲ್ಲಿ ಒತ್ತಿದ್ದಾದರೆ ಮುಂದಿನ ಉಬ್ಬೆಲ್ಲ ಹಿಂದೆ ತಗ್ಗಾಗಿ ಕಾಣುತ್ತದೆ, ತಗಡು ತೆಳು, ಅಂಚು ಚೂಪು. ಎರಕದ ನಕಲು ಹಿಂದೆ ಚಪ್ಪಟೆ, ಮೈಮೇಲೆ ಸೂಜಿಮೊನೆಯಷ್ಟು ತೂತುಗಳು, ತೂಕ ಜಾಸ್ತಿ; ಆರುವಾಗ ಲೋಹ ಕುಗ್ಗುವುದರಿಂದ ಅಳತೆ ಮೂಲಕ್ಕಿಂತ ತುಸು ಕಡಿಮೆ. ಆದರೆ ಎರಕ ಎಂದ ಮಾತ್ರಕ್ಕೆ ಬಿಸಾಡಬೇಡಿ. ಯುದ್ಧದ ವರ್ಷಗಳಲ್ಲಿ ದಂಡು ಪ್ರದೇಶದ ಬಜಾರಿನಲ್ಲೇ ಮರಳಚ್ಚಿನಲ್ಲಿ ಹೊಯ್ದು ಸೈನಿಕರಿಗೆ ಕೊಟ್ಟ ಬ್ಯಾಡ್ಜುಗಳೂ ಇವೆ, ಅವು ಅಸಲಿಯೇ. ಅಲ್ಲಿ ಸವೆತ ನೋಡಬೇಕು. ವರ್ಷಗಟ್ಟಲೆ ಪಾಲಿಶ್ ಹಾಕಿ ಉಜ್ಜಿದ ಬ್ಯಾಡ್ಜಿನಲ್ಲಿ ಎತ್ತರದ ಜಾಗ ಮಾತ್ರ ನುಣುಪು, ತಗ್ಗಿನಲ್ಲಿ ಒಣಗಿದ ಪಾಲಿಶಿನ ಬಿಳಿ ಹಿಟ್ಟು, ಹಿಂದಿನ ಕೊಂಡಿಯ ಬುಡದಲ್ಲಿ ಬಟ್ಟೆ ತಿಕ್ಕಿದ ಹೊಳಪು. ಹೊಸದನ್ನು ಹಳತು ಮಾಡಿದ್ದರೆ ಕಪ್ಪು ಎಲ್ಲ ಕಡೆ ಸಮನಾಗಿ ಕೂತಿರುತ್ತದೆ, ಹತ್ತಿಗೆ ಥಿನ್ನರ್ ಹಾಕಿ ಒರೆಸಿದರೆ ಹಲವು ಸಲ ಹತ್ತಿಗೇ ಬರುತ್ತದೆ. ಗುಂಡಿಗಳ ಹಿಂದೆ ಲಂಡನ್ನಿನ ಫರ್ಮಿನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಗಾಂಟ್ ಎಂಬ ತಯಾರಕರ ಹೆಸರಿದ್ದರೆ ಸಂತೋಷ. ಬ್ಯಾಡ್ಜಿನ ಹಿಂದೆ ಗಾಂಟ್ ಹೆಸರಿದ್ದರೆ ಇನ್ನೊಮ್ಮೆ ನೋಡಿ, ಏಕೆಂದರೆ ನಕಲಿ ಮಾಡುವವರಿಗೂ ಆ ಹೆಸರು ಪ್ರೀತಿ.

ಗಂಡಭೇರುಂಡದ ವಿಷಯ ಬೇರೆಯಾಗಿಯೇ ಹೇಳಬೇಕು. ಎರಡು ತಲೆಯ ಹಕ್ಕಿ ಕಂಡ ಹಿತ್ತಾಳೆಯನ್ನೆಲ್ಲ ಇಲ್ಲಿ ಮೈಸೂರು ಲ್ಯಾನ್ಸರ್ಸ್‌ನದು ಎನ್ನುತ್ತಾರೆ, ಜೊತೆಗೆ ಹೈಫಾ ಕಥೆ ಬರುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್‌ಗಳ ಜೊತೆ ಮೈಸೂರಿನ ಕುದುರೆ ದಳ ಈಗಿನ ಇಸ್ರೇಲಿನ ಹೈಫಾ ಊರನ್ನು ಹಿಡಿದದ್ದು ನಿಜ. ತಟ್ಟೆಯ ಬಿಲ್ಲೆ ಆ ದಳದ್ದು ಎಂಬುದಕ್ಕೆ ಅಷ್ಟು ಸಾಲದು. ಗಂಡಭೇರುಂಡ ಮೈಸೂರು ಸಂಸ್ಥಾನದ ಲಾಂಛನ. ಅರಮನೆ ಜವಾನ, ಪೊಲೀಸ್, ಕಚೇರಿ ದಫೇದಾರ ಎಲ್ಲರ ಪಟ್ಟಿಯ ಬಿಲ್ಲೆಯಲ್ಲೂ ಅದೇ ಹಕ್ಕಿ. ಹಕ್ಕಿಯ ಮೇಲೆ ಅಶೋಕನ ಸಿಂಹವಿದ್ದರೆ ಅದು ಸ್ವಾತಂತ್ರ್ಯಾನಂತರದ ಸರ್ಕಾರಿ ಬಿಲ್ಲೆ. ದಳದ ಹೆಸರು ಅಕ್ಷರದಲ್ಲಿ ಇಲ್ಲದ ಮೇಲೆ ಲ್ಯಾನ್ಸರ್ಸ್ ಬೆಲೆ ಕೊಡಬೇಡಿ. ಜವಾನನ ಬಿಲ್ಲೆ ಎಂದುಕೊಂಡೇ ಕೊಂಡರೆ ನಾನೂರು ರೂಪಾಯಿಗೆ ಚೆಂದದ ವಸ್ತು.

ಮೆಡಲ್ ತಟ್ಟೆ ಅಂಗಡಿಯ ನಿಜವಾದ ಆಸ್ತಿ. ಎರಡನೇ ಮಹಾಯುದ್ಧದ ಸ್ಟಾರ್ (ನಕ್ಷತ್ರಾಕಾರದ ಪದಕ) ಮತ್ತು ಮೆಡಲುಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟಿತು. ಭಾರತೀಯ ಸೈನಿಕರಿಗೆ ಬಂದವುಗಳಲ್ಲಿ ಸಂಖ್ಯೆ, ಹುದ್ದೆ, ಹೆಸರು, ದಳ ಒತ್ತಿರುತ್ತದೆ. ದುಂಡು ಮೆಡಲಿನಲ್ಲಿ ಅಂಚಿನ ಮೇಲೆ, ಸ್ಟಾರ್‌ನಲ್ಲಿ ಬೆನ್ನ ಮೇಲೆ. ಹೆಸರಿಲ್ಲದ ಬರ್ಮಾ ಸ್ಟಾರ್ ಬ್ರಿಟಿಷ್ ಸೈನಿಕನದ್ದಿರಬಹುದು, ಕಳೆದ ವರ್ಷ ತಯಾರಾದದ್ದೂ ಇರಬಹುದು, ಬೇರ್ಪಡಿಸುವುದು ಕಷ್ಟ. ಹೆಸರಿದ್ದರೆ ಮೆಡಲೇ ಸಾಕ್ಷಿ ಹೇಳುತ್ತದೆ.

ಆ ಸಾಕ್ಷಿಯನ್ನೂ ತಿದ್ದುವವರಿದ್ದಾರೆ. ಸಾಧಾರಣ ಮೆಡಲಿನ ಅಂಚು ಉಜ್ಜಿ ಹೆಸರಾಂತ ದಳದ ಹೆಸರು ಒತ್ತಿದರೆ ಬೆಲೆ ಮೂರು ಪಟ್ಟಾಗುತ್ತದೆ. ಕ್ಯಾಲಿಪರ್ ಬೇಕಾಗುವುದು ಇಲ್ಲಿ. 1939–45ರ ವಾರ್ ಮೆಡಲಿನ ವ್ಯಾಸ 36 ಮಿ.ಮೀ. ಅಂಚಿನ ಸುತ್ತ ನಾಲ್ಕು ಕಡೆ ಅಳೆಯಿರಿ. ಒಂದು ಕಡೆ ಅರ್ಧ ಮಿಲಿಮೀಟರ್ ಕಡಿಮೆ ಬಂದರೆ ಅಲ್ಲಿ ಅರ ಆಡಿದೆ. ಭೂತಗನ್ನಡಿಯಲ್ಲಿ ಅದೇ ಜಾಗ ಹಿಡಿದು ಓರೆ ಬೆಳಕು ಹಾಯಿಸಿದರೆ ಅಕ್ಷರಗಳ ನಡುವೆ ಉದ್ದುದ್ದ ಗೀರು ಕಾಣುತ್ತದೆ. ಹಳೆಯ ಒತ್ತಿನ ಅಕ್ಷರದ ಗುಣಿಯೊಳಗೆ ಕಿಲುಬು, ಕೊಳೆ ತುಂಬಿರಬೇಕು. ಮೈ ಕಪ್ಪಾಗಿದ್ದು ಅಕ್ಷರದ ತಳ ಮಾತ್ರ ಮಿನುಗಿದರೆ ಬೇಡ. ಇನ್ನೂ ಸುಲಭದ ಪರೀಕ್ಷೆ ಹುದ್ದೆ. ಕಾಲ್ದಳದಲ್ಲಿ ಸಿಪಾಯಿ, ಕುದುರೆ ದಳದಲ್ಲಿ ಸವಾರ, ಎಂಜಿನಿಯರ್ಸ್‌ನಲ್ಲಿ ಸ್ಯಾಪರ್, ಫಿರಂಗಿ ದಳದಲ್ಲಿ ಗನ್ನರ್. ಸ್ಯಾಪರ್ ಎಂದು ಬರೆದು ಮುಂದೆ ಕಾಲ್ದಳವಾದ ಮದ್ರಾಸ್ ರೆಜಿಮೆಂಟ್ ಎಂದಿದ್ದರೆ ಒತ್ತಿದವನಿಗೆ ಸೇನೆ ಗೊತ್ತಿಲ್ಲ.

ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲು ಬೆಳ್ಳಿಯದು. ಅದಕ್ಕೇ ಬಹಳಷ್ಟು ಮೆಡಲುಗಳು ಅಕ್ಕಸಾಲಿಗನ ಮೂಸೆಗೆ ಹೋದವು. ಅದರ ಕಂಚಿನ ರೂಪವನ್ನು ಈ ಅಂಗಡಿಯಲ್ಲಿ ನಕಲಿ ಎಂದು ತಿಳಿದು ಅಗ್ಗಕ್ಕೆ ಇಟ್ಟಿದ್ದಾರೆ. ಅದು ನಕಲಿಯಲ್ಲ. ಲೇಬರ್ ಕೋರ್, ಪೋರ್ಟರ್ ಕೋರ್‌ನಂಥ ಕೂಲಿ ದಳಗಳಿಗೆ ಕೊಟ್ಟದ್ದು ಕಂಚಿನದೇ, ಬೆಳ್ಳಿಗಿಂತ ಅಪರೂಪ. ಅಂಚಿನಲ್ಲಿ ಕೂಲಿ ದಳದ ಹೆಸರಿದ್ದರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ.

ಸ್ವತಂತ್ರ ಭಾರತದ್ದು ಬೇಕಾದವರಿಗೂ ಮಾಲಿದೆ: 1965ರ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಮತ್ತು ಎ.ಎಸ್.ಸಿ. (ಆರ್ಮಿ ಸರ್ವಿಸ್ ಕೋರ್) ತರಬೇತಿ ಕೇಂದ್ರಗಳು ಬೆಂಗಳೂರಿನಲ್ಲೇ ಇರುವುದರಿಂದ ಈ ಭಾಗದ ಮೆಡಲುಗಳಲ್ಲಿ ಆ ದಳಗಳ ಹೆಸರು ಕಂಡರೆ ಅಚ್ಚರಿಯಿಲ್ಲ. ಸಾಲಾಗಿ ಪಟ್ಟಿಗೆ ಹೊಲಿದ ಸೆಟ್ಟಿನಲ್ಲಿ ಎಲ್ಲ ಅಂಚುಗಳೂ ಖಾಲಿ ಇದ್ದರೆ ಅದು ಪೆರೇಡಿಗೆಂದು ದರ್ಜಿ ಅಂಗಡಿಯಲ್ಲಿ ಕಟ್ಟಿಸಿದ ನಕಲು. ಸೈನಿಕರೇ ಕಟ್ಟಿಸಿಕೊಳ್ಳುತ್ತಾರೆ, ಮೋಸವಲ್ಲ, ಆದರೆ ಬೆಲೆಯೂ ಇಲ್ಲ. 1947ರ ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್ ಸಿಕ್ಕರೆ ಬಿಡಬೇಡಿ. ಅದರ ಮುಖದಲ್ಲಿ ಅಶೋಕ ಚಕ್ರ, ಚಕ್ರದ ಮೇಲೆ ಬ್ರಿಟಿಷ್ ಕಿರೀಟ. ಆ ಕೆಲವೇ ತಿಂಗಳ ಸಂಧಿಕಾಲವನ್ನು ಇಷ್ಟು ಚೊಕ್ಕವಾಗಿ ತೋರಿಸುವ ವಸ್ತು ಇನ್ನೊಂದಿಲ್ಲ, ಬೆಲೆಯೂ ಕೈಗೆಟುಕುವಷ್ಟೇ. ಇತ್ತೀಚಿನ ಶೌರ್ಯ ಪದಕ ಯಾರಾದರೂ ತೋರಿಸಿದರೆ ಮಾತ್ರ ಎದ್ದು ಬನ್ನಿ. ಆ ಹೆಸರಿನ ಮನೆಯವರು ಇಲ್ಲೇ ಹತ್ತು ಮೈಲಿ ದೂರದಲ್ಲಿರಬಹುದು, ಪದಕ ಹೇಗೆ ಮನೆಯಿಂದ ಹೊರಬಿತ್ತು ಎಂದು ಅಂಗಡಿಯವರು ಹೇಳಲಾರರು.

ರಿಬ್ಬನ್ ನೋಡಿ ಕಾಲ ಹೇಳುವವರು ನೇರಳೆ ಟಾರ್ಚು ಹಾಕಿ ನೋಡಲಿ. ಈಚಿನ ಪಾಲಿಯೆಸ್ಟರ್ ದಾರ ಬಿಳಿನೀಲಿಯಾಗಿ ಬೆಳಗುತ್ತದೆ, ಹಳೆಯ ಹತ್ತಿ, ರೇಷ್ಮೆ ಬೆಳಗುವುದಿಲ್ಲ. ಸಮವಸ್ತ್ರಕ್ಕೂ ಇದೇ ಪರೀಕ್ಷೆ, ಒಂದು ಎಚ್ಚರಿಕೆಯೊಡನೆ: ಈಗಿನ ಡಿಟರ್ಜೆಂಟಿನಲ್ಲಿ ಒಗೆದ ಹಳೆ ಬಟ್ಟೆಯೂ ಬೆಳಗುತ್ತದೆ. ಅದಕ್ಕೆ ಹೊಲಿಗೆಯ ಒಳಮಡಿಕೆ ಬಿಡಿಸಿ ದಾರವನ್ನು ನೋಡಬೇಕು. ಮಡಿಕೆಯೊಳಗಿನ ದಾರ ಮಂಕಾಗಿದ್ದು ಹೊರಮೈ ಮಾತ್ರ ಬೆಳಗಿದರೆ ತೊಂದರೆಯಿಲ್ಲ.

ಇನ್ನು ಗೋಡೆಯ ಕಡೆ.

ಕತ್ತಿಗಳ ಗುಂಪಿನಲ್ಲಿ ಕೊಳ್ಳಬಹುದಾದದ್ದು 1907ರ ಮಾದರಿಯ ಬಯೊನೆಟ್ ಒಂದೇ. ಪಾಯಿಂಟ್ 303 ರೈಫಲಿಗೆ ಸಿಕ್ಕಿಸುತ್ತಿದ್ದದ್ದು ಇದು. ಅಲಗು 17 ಇಂಚು. ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯದಾದರೆ ಹಿಡಿಯ ಪಕ್ಕದ ಅಲಗಿನ ಮೇಲೆ ಕಿರೀಟ, ಜಿ.ಆರ್.ಐ., ಆರ್.ಎಫ್.ಐ. ಮತ್ತು ವರ್ಷ ಇರುತ್ತದೆ. ಎರಡನೇ ಯುದ್ಧದ ಕಾಲದಲ್ಲಿ ಭಾರತದಲ್ಲಿ ಅಲಗನ್ನು 12 ಇಂಚಿಗೆ ಇಳಿಸಿದರು. ಕೆಲವನ್ನು ಉದ್ದದ್ದನ್ನೇ ಕತ್ತರಿಸಿ ಮಾಡಿದರು, ಕೆಲವನ್ನು ಹೊಸದಾಗಿಯೇ ಗಿಡ್ಡಗೆ ಮಾಡಿದರು, ಎರಡೂ ಅಸಲಿ. ಹಿಡಿಯ ತುದಿಯ ಒತ್ತುಗುಂಡಿ ಒತ್ತಿ ಬಿಡಿ, ಸ್ಪ್ರಿಂಗು ಪಟ್ಟನೆ ಮರಳಬೇಕು. ಅದೇ ತುದಿಯಲ್ಲಿ ಕೊಳೆ ಹೊರಹೋಗಲು ಕೊರೆದ ಸಣ್ಣ ರಂಧ್ರವಿದ್ದರೆ 1916ರ ಈಚಿನದು, ಅಥವಾ ಆಗ ತಿದ್ದಿದ ಹಳತು. ಮೊಹರಿನಲ್ಲಿ ವಿ.ಆರ್. ಎಂದಿದ್ದು ಮಾದರಿ 1907 ಎಂದಿದ್ದರೆ ವಾಯವ್ಯ ಗಡಿನಾಡಿನ, ಖೈಬರ್ ಕಡೆಯ, ಕುಲುಮೆಯ ಕೆಲಸ. ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ. ಅಕ್ಷರ ತಲೆಕೆಳಗಾಗಿದ್ದರೂ ಅದೇ ಅರ್ಥ.

ಈ ಭಾಗದ ಬಯೊನೆಟ್‌ಗಳಿಗೆ ಒಂದು ಸ್ಥಳೀಯ ರೋಗವಿದೆ. ತೋಟದಲ್ಲಿ ನೆರಳು ಮರದ ಚಿಗುರು ಸವರಲು ಬಳಸಿ, ಮಸೆದು ಮಸೆದು ಅಲಗಿನ ಅಗಲ ಕರಗಿರುತ್ತದೆ. ಬುಡದಲ್ಲೊಮ್ಮೆ, ನಡುವೆ ಒಮ್ಮೆ ಕ್ಯಾಲಿಪರ್ ಹಿಡಿಯಿರಿ. ನಡು ಸಣ್ಣಗಾಗಿ ತುದಿ ಅಗಲವಾಗಿದ್ದರೆ ಮಸೆದದ್ದು, ಅರ್ಧ ಬೆಲೆಗೂ ದುಬಾರಿ. ಒರೆಯ ಚರ್ಮವನ್ನು ಬಗ್ಗಿಸಿ ನೋಡಬೇಡಿ, ಹೊಲಿಗೆಯನ್ನಷ್ಟೇ ನೋಡಿ. ಇಲ್ಲಿಯ ಎಲ್ಲ ಒರೆಗಳಿಗೂ ತೆಂಗಿನೆಣ್ಣೆ ಬಳಿದಿದ್ದಾರೆ, ಒಳಗೆ ಬೂಸಲು ಕಟ್ಟಿದೆ.

ಉಳಿದ ಖಡ್ಗಗಳು ಅಲಂಕಾರಕ್ಕೆ. ಅಧಿಕಾರಿಗಳ 1897ರ ಮಾದರಿಯ ನೇರ ಕತ್ತಿಯೊಂದನ್ನು ಲಂಡನ್ನಿನ ವಿಲ್ಕಿನ್ಸನ್ ಕಂಪನಿಯದು ಎಂದು ತೋರಿಸುತ್ತಾರೆ. ಅಸಲಿ ವಿಲ್ಕಿನ್ಸನ್ ಅಲಗಿನ ಬುಡದಲ್ಲಿ ಸಣ್ಣ ಹಿತ್ತಾಳೆ ಬಿಲ್ಲೆಯನ್ನು ಉಕ್ಕಿನೊಳಗೆ ಕೂರಿಸಿರುತ್ತಾರೆ, ಬೆನ್ನಿನ ಮೇಲೆ ಸಂಖ್ಯೆ ಕೊರೆದಿರುತ್ತಾರೆ. ಇಲ್ಲಿ ಬಿಲ್ಲೆಯ ಜಾಗದಲ್ಲಿ ಆಮ್ಲದಲ್ಲಿ ಬಿಡಿಸಿದ ವೃತ್ತವಿದೆ, ಬೆನ್ನು ಬೋಳು.

ಟಿಪ್ಪುವಿನ ಮಾತು ಬಾರದೆ ಈ ಕೋಣೆಯಿಂದ ಯಾರೂ ಹೊರಬರುವುದಿಲ್ಲ. ಲಂಡನ್ನಿನಲ್ಲಿ 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾದ ಸುದ್ದಿಯ ಪತ್ರಿಕೆ ಕತ್ತರಿಕೆ ಗೋಡೆಗೆ ಅಂಟಿಸಿದ್ದಾರೆ, ಪಕ್ಕದಲ್ಲೇ ಹುಲಿಮುಖದ ಹಿಡಿಯ ಕತ್ತಿಗಳು. ಅಸಲಿ ಕೆಲಸದಲ್ಲಿ ಹುಲಿಪಟ್ಟೆ, ಅಂದರೆ ಬಬ್ರಿ, ಒಂದೊಂದೂ ಕೈಯಲ್ಲಿ ಕೊರೆದದ್ದು ಅಥವಾ ಬೆಳ್ಳಿ ಬಂಗಾರ ಕೂರಿಸಿದ್ದು, ಪಟ್ಟೆಯಿಂದ ಪಟ್ಟೆಗೆ ತುಸು ವ್ಯತ್ಯಾಸವಿರುತ್ತದೆ. ಇಲ್ಲಿಯ ಪಟ್ಟೆಗಳೆಲ್ಲ ಒಂದೇ ಅಚ್ಚಿನ ಮಕ್ಕಳು. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕದ ವರ್ಷವನ್ನು ಬಲದಿಂದ ಎಡಕ್ಕೆ ಅಂಕೆ ಜೋಡಿಸಿ ಬರೆಸುತ್ತಿದ್ದ. ಇಲ್ಲಿಯ ಕತ್ತಿಗಳ ಮೇಲೆ ಇಂಗ್ಲಿಷ್ ಅಂಕೆಯಲ್ಲಿ 1786 ಎಂದಿದೆ.

ಫಿರಂಗಿ ಗುಂಡುಗಳೂ ಮಂಜರಾಬಾದಿನವಂತೆ. ಸಕಲೇಶಪುರದ ಬಳಿಯ ಆ ನಕ್ಷತ್ರಾಕಾರದ ಕೋಟೆಯನ್ನು ಟಿಪ್ಪು 1792ರಲ್ಲಿ ಕಟ್ಟಿಸಿದ್ದು ಹೌದು. ಆದರೆ ತಕ್ಕಡಿ ಏನು ಹೇಳುತ್ತದೆ ನೋಡಿ. ಆರು ಪೌಂಡಿನ ಎರಕದ ಗುಂಡು ಮೂರೂವರೆ ಇಂಚು ಅಡ್ಡಳತೆಗೆ ಸುಮಾರು 2.6ರಿಂದ 2.7 ಕಿಲೋ ತೂಗಬೇಕು, ಎರಕದ ಗೆರೆ ಸಣ್ಣಗೆ ಕಾಣಬೇಕು. ಇಲ್ಲಿಯದೊಂದು ಕರಾರುವಾಕ್ಕಾಗಿ ನಾಲ್ಕು ಕಿಲೋ, ಅಡ್ಡಳತೆ ಹತ್ತು ಸೆಂಟಿಮೀಟರ್: ಯಾವುದೋ ಶಾಲೆಯ ಗುಂಡೆಸೆತದ ಗುಂಡು. ಇನ್ನೆರಡು ಅದಿರು ಅರೆಯುವ ಗಿರಣಿಯವು, ಉಕ್ಕು ಗಟ್ಟಿ, ಮೈ ನುಣುಪು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಮೈಸೂರು ರಾಕೆಟ್‌ಗಳ ಕಬ್ಬಿಣದ ಕೊಳವೆಗಳು ಸಾವಿರದಷ್ಟು ಸಿಕ್ಕ ಮೇಲೆ ನೀರಿನ ಪೈಪಿನ ತುಂಡಿಗೂ ರಾಕೆಟ್ ಎಂಬ ಹೆಸರು ಬಂದಿದೆ. ಒಂದು ವೇಳೆ ಅಸಲಿಯೇ ಆಗಿದ್ದರೂ, ಕೋಟೆಯ ನೆಲದಿಂದ ಅಗೆದು ತೆಗೆದದ್ದು ಮಾರುವ ವಸ್ತುವಲ್ಲ. ನಿಧಿ ಕಾಯ್ದೆಗೂ ಸ್ಮಾರಕ ಕಾಯ್ದೆಗೂ ಒಟ್ಟಿಗೆ ಸಿಕ್ಕಿಬೀಳುತ್ತೀರಿ.

ಕೋವಿಯ ವಿಷಯದಲ್ಲಿ ತಮಾಷೆ ಇಲ್ಲ. ಗೋಡೆಯಲ್ಲಿ ನೇತಾಡುವ ಬಹುಪಾಲು ಬಂದೂಕುಗಳ ನಳಿಗೆಯೊಳಗೆ ಟಾರ್ಚು ಹಾಕಿದರೆ ಉದ್ದಕ್ಕೂ ಬೆಸುಗೆಯ ಗೆರೆ ಕಾಣುತ್ತದೆ, ಕಿಡಿ ಒಳಹೋಗುವ ಕಿವಿ ರಂಧ್ರ ಒಳಗೆ ತಲುಪಿಯೇ ಇಲ್ಲ. ಅವು ಪೈಪು, ಆಟಿಕೆ. ಈಸ್ಟ್ ಇಂಡಿಯಾ ಕಂಪನಿಯ ಗುರುತೆಂದು ಚಾಪಿನ (ಕಿಡಿ ಹಾರಿಸುವ ಯಂತ್ರದ) ತಗಡಿನ ಮೇಲೆ ಹೃದಯಾಕಾರದ ಮುದ್ರೆಯೂ ಇದೆ, ವರ್ಷ 1820 ಎಂದೂ ಇದೆ; ಕಂಪನಿ 1808ರಲ್ಲೇ ಹೃದಯ ಬಿಟ್ಟು ನಿಂತ ಸಿಂಹದ ಗುರುತಿಗೆ ಬಂದಿತ್ತು. ಆದರೆ ಮೂಲೆಯಲ್ಲಿ ಒರಗಿಸಿರುವ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವುದು) ಅಸಲಿ, ಅಪಾಯ ಇರುವುದು ಅದರಲ್ಲೇ. ಆಯುಧ ಕಾಯ್ದೆ 1959ರ 45ನೇ ಕಲಮಿನಲ್ಲಿ ಹಳೆ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇದೆ. ಅದು ಸಿಗುವುದು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಿದ್ದರೆ ಮಾತ್ರ. ಕೇಪು ಕೂರಿಸುವ ಹೊಸ ನಿಪ್ಪಲ್ ಹಾಕಿದರೆ ಹಾರುವ ಕೇಪಿನ ಕೋವಿಗೆ ಮುತ್ತಾತನ ಕಾಲದ್ದು ಎಂಬ ಕಾರಣಕ್ಕೆ ಮಾಫಿ ಇಲ್ಲ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ ಅವರಿಗಷ್ಟೇ. "ಕೊಡಗಿನಿಂದ ಬಂದ ಕೋವಿ, ಲೈಸೆನ್ಸ್ ಬೇಡ" ಎಂಬ ಮಾತನ್ನು ನಂಬಿ ಚಿಕ್ಕಮಗಳೂರಿನಲ್ಲಿ ಮನೆಗೆ ಒಯ್ದರೆ ಕೇಸು ನಿಮ್ಮ ಮೇಲೆ. ಮೊದಲು ಜಿಲ್ಲಾಧಿಕಾರಿ ಕಚೇರಿಯ ಆಯುಧ ಶಾಖೆಯಲ್ಲಿ ಕೇಳಿ, ಬರಹದಲ್ಲಿ ಪಡೆಯಿರಿ.

ಮುಟ್ಟುವ ಮೊದಲೇ ಇನ್ನೊಂದು ಕೆಲಸ. ಕೇಪಿನ ಕೋವಿಗಳನ್ನು ತುಂಬಿಟ್ಟು ಮರೆತವರು ಬಹಳ, ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ತೆಳ್ಳನೆಯ ಮರದ ಕೋಲನ್ನು ಬಾಯಿಯಿಂದ ಇಳಿಬಿಡಿ, ಮುಖ ಅದರ ನೇರಕ್ಕೆ ಬರದಿರಲಿ. ಕೋಲು ತಳ ಮುಟ್ಟಿದಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದರೆ ತುದಿ ನಿಪ್ಪಲ್‌ನ ಬುಡಕ್ಕೆ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಮದ್ದು ಗುಂಡು ಇದೆ ಎಂದೇ ತಿಳಿದು, ಕೆದಕದೆ, ಕಾಯಿಸದೆ ಪೊಲೀಸರಿಗೆ ಹೇಳಿ. ಅಂಗಡಿಯವರು ಇದನ್ನು ಪರೀಕ್ಷಿಸಿಲ್ಲ. ಈ ವಿಮರ್ಶೆಯಲ್ಲಿ ಅವರ ಮೇಲೆ ಅತಿ ದೊಡ್ಡ ದೂರು ಇದೇ.

ಕತ್ತಿಗೂ ಕಾನೂನಿದೆ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು, ಮನೆ ಮತ್ತು ಕೃಷಿ ಬಳಕೆಯದಲ್ಲದಿದ್ದರೆ, 2016ರ ಆಯುಧ ನಿಯಮಗಳಲ್ಲಿ ಆಯುಧವೇ. ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾಗುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ಹಾಗೆಂದು ಬಸ್ಸಿನ ಲಗೇಜಿನಲ್ಲಿ ಕತ್ತಿ ಇಟ್ಟುಕೊಂಡು ಹೊರಡಬೇಡಿ, ಚುನಾವಣೆಯ ಸಮಯದಲ್ಲಂತೂ ಬೇಡವೇ ಬೇಡ. ನೂರು ವರ್ಷ ದಾಟಿದ ವಸ್ತುವನ್ನು ವಿದೇಶಕ್ಕೆ ಒಯ್ಯುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ, ಅಂಥದ್ದನ್ನು ವ್ಯಾಪಾರ ಮಾಡುವವರಿಗೂ ಲೈಸೆನ್ಸ್ ಬೇಕು. ಅಮೆರಿಕದ ಮಗನಿಗೆ ಕಳಿಸುವ ಯೋಚನೆ ಇದ್ದವರು ಕೊಳ್ಳುವ ಮೊದಲೇ ಯೋಚಿಸಿ.

ಸಮವಸ್ತ್ರದ ಕಪಾಟು ಚಿಕ್ಕದು. ಖಾಕಿ ಡ್ರಿಲ್ ಷರಾಯಿ, ಉಣ್ಣೆಯ ಗ್ರೇಟ್‌ಕೋಟು, 1937ರ ಮಾದರಿಯ ಕ್ಯಾನ್ವಾಸ್ ಪಟ್ಟಿ ಮತ್ತು ಪೌಚುಗಳು. ಭಾರತದಲ್ಲಿ ತಯಾರಾದವುಗಳ ಮೇಲೆ ಮೇಲ್ಮುಖ ಬಾಣದ ಜೊತೆ ಐ ಅಕ್ಷರದ ಮುದ್ರೆ ಇರುತ್ತದೆ, ಮಸಿ ಮಾಸಿದ್ದರೆ ಓರೆ ಬೆಳಕಿನಲ್ಲಿ ಹುಡುಕಿ. ಸೋಲಾ (ಬೆಂಡಿನ) ಟೋಪಿಗಳೆಲ್ಲ ಮಿಲಿಟರಿಯವಲ್ಲ, ತೋಟದ ದೊರೆಗಳೂ ಅವನ್ನೇ ಹಾಕುತ್ತಿದ್ದರು. ಎನಾಮೆಲ್ ನೀರಿನ ಬಾಟಲಿ ನಾನೂರೈವತ್ತಕ್ಕೆ ಒಳ್ಳೆಯ ವ್ಯಾಪಾರ. ಕಾರ್ಕು ಮತ್ತು ಉಣ್ಣೆಯ ಕವಚ ಇದ್ದರೆ ಮಾತ್ರ. ಕಪ್ಪು ತಗಡಿನ ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ, ಹೆಸರು ಇದ್ದರೆ ಅದೇ ಅದರ ಬೆಲೆ, ಹೊಸ ಬಣ್ಣ ಬಳಿದದ್ದು ಬೇಡ. ಈಗಿನ ಸೇನೆಯ ಹೊಸ ವಿನ್ಯಾಸದ ಕಾಂಬ್ಯಾಟ್ ಬಟ್ಟೆ ಕೇಳಿದರೆ ಇಲ್ಲ ಎನ್ನುತ್ತಾರೆ, ಒಳ್ಳೆಯದೇ. 2022ರಲ್ಲಿ ಬಂದ ಆ ವಿನ್ಯಾಸವನ್ನು ಹೊರಗೆ ಮಾರುವಂತಿಲ್ಲ.

ಈ ಅಂಗಡಿ ಉಚಿತವಾಗಿ ಕೊಡುವ ಸೇವೆಯೊಂದಿದೆ: ಕೊಂಡ ಸಾಮಾನನ್ನು ಬಫ್ ಚಕ್ರಕ್ಕೆ ಹಿಡಿದು ಫಳಫಳ ಹೊಳೆಸಿ, ಮೇಲೆ ಲ್ಯಾಕರ್ ಹೊಡೆದು ಕೊಡುತ್ತಾರೆ. ಬೇಡ ಎಂದು ಗಟ್ಟಿಯಾಗಿ ಹೇಳಿ. ಮೆಡಲಿನ ಅಂಚಿನ ಹೆಸರು ಆ ಚಕ್ರದಲ್ಲಿ ಅರ್ಧ ನಿಮಿಷಕ್ಕೆ ಮಸುಕಾಗುತ್ತದೆ, ಬ್ಯಾಡ್ಜಿನ ಸವೆತದ ಸಾಕ್ಷ್ಯ ಅಳಿಯುತ್ತದೆ. ಹುಣಸೆಹಣ್ಣೂ ಬೇಡ, ಅದರ ಆಮ್ಲ ಹಿತ್ತಾಳೆಯ ಸತುವನ್ನು ಎಳೆದು ಗುಲಾಬಿ ಕಲೆ ಉಳಿಸುತ್ತದೆ.

ಮನೆಗೆ ತಂದ ಮೇಲಿನ ಶತ್ರು ನಮ್ಮ ಮಳೆಗಾಲ. ಬಯೊನೆಟ್ಟಿನ ಕೆಂಪು ತುಕ್ಕನ್ನು ನಾಲ್ಕು ಸೊನ್ನೆಯ (0000, ಅತಿ ನಯವಾದ) ಉಕ್ಕಿನ ನಾರಿಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಮೆಲ್ಲಗೆ ತೆಗೆಯಿರಿ. ಕಪ್ಪಗೆ ಗಟ್ಟಿಯಾಗಿ ಕೂತ ಪದರವನ್ನು ಬಿಟ್ಟುಬಿಡಿ. ಎಣ್ಣೆ ಪೂರ್ತಿ ಒರೆಸಿ ರಿನೈಸಾನ್ಸ್ ವ್ಯಾಕ್ಸ್‌ನಂಥ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬೆರಳ ತುದಿಯಷ್ಟೇ ತೆಗೆದು ತೆಳ್ಳಗೆ ಹಚ್ಚಿ, ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ಉಜ್ಜಿ. ದಪ್ಪಗೆ ಹಚ್ಚಿದರೆ ಬಿಳಿ ಗೀರಾಗಿ ನಿಲ್ಲುತ್ತದೆ. ಅಲಗನ್ನು ಚರ್ಮದ ಒರೆಯೊಳಗೇ ಇಟ್ಟು ಜೂನ್ ಕಳೆಯಬೇಡಿ, ಚರ್ಮ ನೀರು ಹೀರಿ ಉಕ್ಕಿಗೆ ಕೊಡುತ್ತದೆ; ಎರಡನ್ನೂ ಬೇರೆ ಬೇರೆ ಇಡಿ. ಹಿತ್ತಾಳೆ ಚರ್ಮಕ್ಕೆ ತಾಗುವಲ್ಲಿ ಏಳುವ ಹಸಿರು ಮೇಣದಂಥ ಕಿಲುಬು ಚರ್ಮದ ಕೊಬ್ಬಿನಿಂದ ಬರುವುದು. ಬಿದಿರು ಕಡ್ಡಿಯಿಂದ ಕೆರೆದು ತೆಗೆಯಿರಿ, ಮತ್ತೆ ಎಣ್ಣೆ ಹಾಕಿದರೆ ಮತ್ತೆ ಬರುತ್ತದೆ. ಬೆಳ್ಳಿ ಮೆಡಲನ್ನು ಉಣ್ಣೆ ಬಟ್ಟೆಯ ಮೇಲೆ ಅಥವಾ ರಬ್ಬರ್ ಬ್ಯಾಂಡ್ ಸುತ್ತಿ ಇಡಬೇಡಿ, ಎರಡರಲ್ಲೂ ಗಂಧಕವಿದೆ. ಗ್ರೇಟ್‌ಕೋಟಿನಲ್ಲಿ ನುಸಿಹುಳದ ಸಂಶಯವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಗೆ ಎರಡು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಉಣ್ಣೆಯ ಮೇಲೆ ನೀರು ಕಟ್ಟುತ್ತದೆ. ಆಮೇಲೆ ಪ್ಲಾಸ್ಟಿಕ್ ಬೇಡ, ಒಗೆದ ಹಳೆ ಪಂಚೆಯಲ್ಲಿ ಸುತ್ತಿದರೆ ಸಾಕು. ಸಿಲಿಕಾ ಜೆಲ್ ಹಾಕುವವರು ಬಿಗಿ ಮುಚ್ಚಳದ ಡಬ್ಬಿಯಲ್ಲೇ ಹಾಕಬೇಕು, ಮರದ ಬೀರುವಿನಲ್ಲಿ ಹಾಕಿದ್ದು ಮಲೆನಾಡಿನ ಗಾಳಿಯ ನೀರನ್ನೆಲ್ಲ ಕುಡಿಯಲು ಹೋಗಿ ಎರಡೇ ದಿನಕ್ಕೆ ಸೋಲುತ್ತದೆ.

ಬೆಲೆಗೆ ಬಂದರೆ: ಗುಂಡಿ ಅರವತ್ತರಿಂದ ನೂರೈವತ್ತು, ಬ್ಯಾಡ್ಜು ನಾನೂರರಿಂದ ಒಂಬೈನೂರು, ಹೆಸರಿರುವ ವಾರ್ ಮೆಡಲಿಗೆ ಸಾವಿರದ ಎಂಟುನೂರು ಹೇಳಿ ಸಾವಿರದ ಮುನ್ನೂರಕ್ಕೆ ಕೊಡುತ್ತಾರೆ. ಒರೆ ಸಹಿತ ಬಯೊನೆಟ್ಟಿಗೆ ಒಂಬತ್ತೂವರೆ ಸಾವಿರ ಎಂದರು, ಆರರ ಮೇಲೆ ಹೋಗಬೇಡಿ. ಕತ್ತಿಗಳ ಬೆಲೆ ಕೊಳ್ಳುವವರ ಕಾರಿನ ನಂಬರ್ ಪ್ಲೇಟ್ ನೋಡಿ ನಿಗದಿಯಾಗುತ್ತದೆ. ಕೇಳದೆ ಬಿಲ್ ಕೊಡುವುದಿಲ್ಲ. ಕೇಳಿದರೆ "ಹಳೆ ಹಿತ್ತಾಳೆ ಸಾಮಾನು" ಎಂದು ಬರೆಯುತ್ತಾರೆ. ವಸ್ತುವಿನ ಹೆಸರು, ಅಂಚಿನ ಸಂಖ್ಯೆ, ಅಲಗಿನ ಅಳತೆ, ಮಾರಿದವರ ವಿಳಾಸ ಬರೆಸಿಕೊಳ್ಳಿ, ಮುಂದೆ ಯಾರಾದರೂ ಎಲ್ಲಿಂದ ಬಂತೆಂದು ಕೇಳಿದರೆ ಕೈಯಲ್ಲಿರುವುದು ಅದೊಂದೇ ಕಾಗದ. ನಕಲಿ ಎಂದು ಮೂರು ದಿನದೊಳಗೆ ತೋರಿಸಿದರೆ ವಾಪಸ್ ತೆಗೆದುಕೊಳ್ಳುತ್ತಾರೆ, ಹಣ ಕೊಡುವುದಿಲ್ಲ, ಬದಲಿ ಸಾಮಾನು ಕೊಡುತ್ತಾರೆ. ಆಗ ಬಟನ್ ತಟ್ಟೆಯಿಂದ ಆರಿಸಿಕೊಂಡರೆ ನಷ್ಟವಿಲ್ಲ.

ಭಾನುವಾರ ಬಾಗಿಲು ಹಾಕಿರುತ್ತದೆ. ಬುಧವಾರ ಹೋಗಬೇಡಿ, ಸಂತೆ ದಿನ ಒಳಕೋಣೆ ತೋರಿಸಲು ಅಂಗಡಿಯವರು ಯಾರೂ ಬರುವುದಿಲ್ಲ. ಮಳೆಗಾಲದಲ್ಲಿ ಹೋಗುವವರು ಸ್ವಂತ ಬೆಳಕು ಒಯ್ಯಿರಿ, ಕೋಣೆಗಿರುವ ಒಂದೇ ಬಲ್ಬು ಕರೆಂಟು ಇದ್ದಾಗಲೂ ಹಳದಿ, ಆ ಬೆಳಕಿನಲ್ಲಿ ಎರಕಕ್ಕೂ ಅಚ್ಚಿಗೂ ವ್ಯತ್ಯಾಸ ಕಾಣುವುದಿಲ್ಲ.